ಕುಚೆರಾ ಶಾಲೆಯ ನಡಾವಳಿ ಪುಸ್ತಕ

ವಿಲೋ ಫೋರ್ಕ್, ನೆಬ್ರಾಸ್ಕಾ
ಭಾನುವಾರ, ಮೇ 3, 1998

ಪ್ರೀತಿಯ ಅಮ್ಮ,

ಈ ಪತ್ರವನ್ನು ಕೂತು ಓದು. ಒಲೆಯ ಮೇಲೊಂದು ಕಣ್ಣಿಟ್ಟು ಓದುವಂಥದ್ದಲ್ಲ. ಬೆಳಗಿನಿಂದ ಮೂರು ಸಲ ಬರೆದು ಹರಿದಿದ್ದೇನೆ. ಫೋನ್ ಮಾಡಬಹುದಿತ್ತು. ಮಾಡಿದ್ದರೆ ನೀನು ಒಮಾಹಾದ ಗಾಳಿ, ಚಳಿಯ ಮಾತು ತೆಗೆಯುತ್ತಿದ್ದೆ, ನಾನೂ ಅದಕ್ಕೇ ಜೋತುಬೀಳುತ್ತಿದ್ದೆ.

ಈ ವರ್ಷ ಹೈಸ್ಕೂಲಿನಲ್ಲಿ ಅಮೆರಿಕದ ಇತಿಹಾಸ, ಸರ್ಕಾರ ಎರಡೂ ಪಾಠ ನನ್ನವೇ. ಸಂವಿಧಾನ ಎಂದರೆ ಮಕ್ಕಳು ಆಕಳಿಸುತ್ತಾರೆ. ಅದಕ್ಕೆ ಹೇಳಿದೆ: ಸರ್ಕಾರ ಇರುವುದು ವಾಷಿಂಗ್ಟನ್ನಿನಲ್ಲಿ ಮಾತ್ರ ಅಲ್ಲ, ನಮ್ಮೂರ ಶಾಲಾ ಮಂಡಳಿಯೂ ಸರ್ಕಾರವೇ. ಅದರ ಮೂಲ ದಾಖಲೆ ಹುಡುಕಿ ಓದಿ, ನನ್ನ ಮಾತನ್ನೂ ನಂಬಬೇಡಿ. ಬರೆದವರು ಯಾರು, ಯಾವಾಗ ಬರೆದರು, ಹಾಗೆ ಬರೆದರೆ ಯಾರಿಗೆ ಅನುಕೂಲ ಎಂದು ಕೇಳಿ. ಇಷ್ಟು ಹೇಳಿ ಸೋಮವಾರ ಅವರನ್ನು ಕೌಂಟಿ ಕಚೇರಿಯ ನೆಲಮಾಳಿಗೆಗೆ ಕರೆದುಕೊಂಡು ಹೋದೆ.

ಟಾನ್ಯಾ ಎಂಬ ಹುಡುಗಿಯಿದ್ದಾಳೆ, ಹದಿನಾರು ವರ್ಷದವಳು. ಪ್ರಶ್ನೆ ಹಿಡಿದರೆ ಬಿಡುವವಳಲ್ಲ. ನಮ್ಮ ಕುಚೆರಾ ಶಾಲೆಯ ನಡಾವಳಿ ಪುಸ್ತಕ ಸಿಕ್ಕಿದ್ದು ಅವಳ ಕೈಗೆ. "ಮಿಸ್, ಇಲ್ನೋಡಿ, ಶಾಲೆ ಮುಚ್ಚಿದ ದಿನ!" ಎಂದು ಕೂಗಿದಳು. 1961ರ ಏಪ್ರಿಲ್ ಹನ್ನೊಂದು. ಮಂಡಳಿಯ ಸದಸ್ಯರು ಮೂವರು. ಮುಚ್ಚಬೇಕು ಎಂದವರು ಓಟೊ ಬ್ರಾಂಡ್ಟ್ ಮತ್ತು ಶ್ರೀಮತಿ ಲಿಡಿಯಾ ಕುಚೆರಾ. ಬೇಡ ಎಂದವರು ಎಮಿಲ್ ವಾನೆಕ್.

ಮುಚ್ಚಬೇಕು ಎಂದದ್ದು ನೀನು, ಅಮ್ಮ. ಬೇಡ ಎಂದದ್ದು ಎಮಿಲ್ ಮಾವ.

ನಾನು ಬೆಳೆದದ್ದೇ ಇದಕ್ಕೆ ತಿರುಗಾಮುರುಗಾ ಕಥೆ ಕೇಳಿಕೊಂಡು. ಅಪ್ಪನ ಅಜ್ಜ ಜಾಗ ಕೊಟ್ಟು ಕಟ್ಟಿಸಿದ ಶಾಲೆಗೆ ನಿನ್ನ ಸ್ವಂತ ಅಣ್ಣನೇ ಬೀಗ ಹಾಕಿಸಿದ, ನೀನೊಬ್ಬಳೇ ಬೇಡವೆಂದೆ ಎಂದು. ಅದಕ್ಕೇ ಅವರು ನಮ್ಮ ಹೊಸ್ತಿಲು ತುಳಿಯಲಿಲ್ಲ. ಚರ್ಚಿನಲ್ಲಿ ಅವರು ಬಂದು ಕೂತರೆ ಆ ಬೆಂಚಿನಿಂದ ಜನ ಎದ್ದು ಹೋಗುತ್ತಿದ್ದರು. ನನ್ನ ಮದುವೆಗೂ ಅವರನ್ನು ಕರೆಯಲಿಲ್ಲ.

ಆಮೇಲೆ ನಾನು ಮಾಡಿದ್ದನ್ನು ಹೇಳಿಬಿಡುತ್ತೇನೆ. ಮಕ್ಕಳು ಬಸ್ಸು ಹತ್ತುವಾಗ ಆ ಪುಸ್ತಕವನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ಶನಿವಾರ ಚರ್ಚ್ ಹಾಲಿನಲ್ಲಿ ಮಕ್ಕಳು ತಾವು ಹುಡುಕಿದ್ದನ್ನು ಊರಿನವರ ಮುಂದೆ ಓದುವುದಿತ್ತು. ಅಲ್ಲಿ ನಿನ್ನ ಹೆಸರು ಬರಬಾರದು, ನನ್ನ ತಲೆಯಲ್ಲಿದ್ದದ್ದು ಅಷ್ಟೇ.

ಮನೆಗೆ ಬಂದು ಬಿಡಿಸಿ ನೋಡಿದರೆ, ಬರೆದವರು ಎಂಬಲ್ಲಿ ಎಮಿಲ್ ಮಾವನ ಹೆಸರು. ನನಗೆಷ್ಟು ಸಮಾಧಾನವಾಯಿತು ಗೊತ್ತಾ? ಬರೆದವನೇ ತನಗೆ ಬೇಕಾದ ಹಾಗೆ ಬರೆದುಕೊಂಡಿದ್ದಾನೆ ಅಂದುಕೊಂಡೆ. ಪುಟ ಮಗುಚಿದೆ. "ಓದಿ ಒಪ್ಪಿದ್ದೇನೆ" ಎಂಬುದರ ಕೆಳಗೆ ನಿನ್ನ ಸಹಿ.

ಬುಧವಾರ ಟಾನ್ಯಾ ನಕಲು ತೆಗೆಸಲು ಹೋದಳು. ಪುಸ್ತಕವಿಲ್ಲ. ಕೊನೆಗೆ ಮುಟ್ಟಿದವಳು ನೀನೇ, ಇನ್ನು ಈ ಕಡೆ ಕಾಲಿಡಬೇಡ ಎಂದು ಗುಮಾಸ್ತೆ ಗದರಿದಳಂತೆ. ಊಟದ ಬಿಡುವಿನಲ್ಲಿ ನನ್ನ ಹತ್ತಿರ ಬಂದು, "ನಾನು ಕಪಾಟಲ್ಲೇ ಇಟ್ಟೆ ಮಿಸ್. ನೀವಾದ್ರೂ ನಂಬ್ತೀರಾ?" ಎಂದಳು. "ನಂಬ್ತೀನಿ" ಎಂದೆ. ಪುಸ್ತಕ ಆಗ ಮೇಜಿನ ಕೆಳಗೆ, ನನ್ನ ಕಾಲ ಹತ್ತಿರ, ಚೀಲದಲ್ಲೇ ಇತ್ತು.

ಅದೇ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಎಮಿಲ್ ಮಾವನ ಮನೆಗೆ ಹೋದೆ. ಹಿತ್ತಿಲಲ್ಲಿ ಆಲೂಗಡ್ಡೆ ನೆಡುತ್ತಿದ್ದರು. "ಯಾರೇ ಅದು, ಲಿಡಿಯಾ ಮಗಳಾ? ದಾರಿ ತಪ್ಪಿ ಬಂದ್ಯಾ?" ಎಂದರು. ನಾನು ಪುಸ್ತಕ ಚಾಚಿ, ಸುಳ್ಳು ಬರೆದಿರಾ ಎಂದು ಕೇಳಿಯೇಬಿಟ್ಟೆ.

"ಸುಳ್ಳು ಹೇಳ್ದೆ ಕಣೇ. ಬರೀಲಿಲ್ಲ" ಎಂದರು.

ಬಕೆಟ್ ಬೋರಲು ಹಾಕಿಕೊಂಡು ಕೂತು ಹೇಳಿದರು. ಆ ವರ್ಷ ನಾನು ಒಂಬತ್ತರ ಹುಡುಗಿ, ಆದರೂ ನನಗೆ ಒಂದು ಸಾಲು ಓದಲು ಬರುತ್ತಿರಲಿಲ್ಲ. ಟೀಚರಾಗಿದ್ದ ಆಲ್ಬಿನಾ ಅತ್ತೆ, ದಡ್ಡಿ ಎಂದು ನನ್ನನ್ನು ಹಿಂದಿನ ಬೆಂಚಿಗೆ ತಳ್ಳಿ ಮರೆತಿದ್ದಳು. ಅವಳು ಅಪ್ಪನ ಅಕ್ಕ, ಅವಳ ವಿರುದ್ಧ ಆ ಮನೆಯಲ್ಲಿ ನೀನು ತುಟಿ ಬಿಚ್ಚುವಂತಿರಲಿಲ್ಲ. ಶಾಲೆ ಮುಚ್ಚಿದರೆ ನಾನು ಪಟ್ಟಣದ ಶಾಲೆಗೆ ಹೋಗಬಹುದಿತ್ತು.

"ನಿಮ್ಮಮ್ಮ ಕೈ ಎತ್ತಿದ್ಲು. ಆಮೇಲೆ, ಹೇಗೆ ಮನೆಗೆ ಹೋಗ್ಲಿ ಅಣ್ಣಾ ಅಂದ್ಲು. ಅಣ್ಣನೇ ಮುಚ್ಚಿಸ್ದ ಅಂತ ಹೇಳ್ಕೋ ಅಂದೆ. ಬ್ರಾಂಡ್ಟ್ ಆ ಬೇಸಿಗೇಲೇ ಊರು ಬಿಟ್ಟ, ಇಲ್ಲ ಅನ್ನೋರು ಯಾರೂ ಇರ್ಲಿಲ್ಲ. ಎರಡು ತಿಂಗಳು ಬೈದು ಮರೀತಾರೆ ಅಂದ್ಕೊಂಡಿದ್ದೆ. ಈ ಊರಿಗೆ ಇಷ್ಟೊಂದು ನೆನಪಿನ ಶಕ್ತಿ ಇದೆ ಅಂತ ಯಾರಿಗೆ ಗೊತ್ತಿತ್ತು!"

ಟಾನ್ಯಾಳ ವಿಷಯ ಹೇಳಿ, ನಾನೇನು ಮಾಡಲಿ ಮಾವ ಎಂದೆ. "ಆ ಹುಡುಗಿ ಹೆಸರು ಕೆಡ್ತಿದೆ ಅಂತೀಯ. ಇನ್ನೂ ಇಲ್ಲೇ ನಿಂತಿದ್ದೀಯಲ್ಲ!" ಎಂದು ಬೈದರು.

ಗುರುವಾರ ಬೆಳಿಗ್ಗೆ ಟಾನ್ಯಾಳನ್ನು ಕರೆದುಕೊಂಡು ಹೋಗಿ, ಅವಳ ಎದುರಿಗೇ ಪುಸ್ತಕ ಒಪ್ಪಿಸಿದೆ, ಒಯ್ದವಳು ನಾನೇ ಎಂದೆ. ಗುಮಾಸ್ತೆ ಅವಳ ಕ್ಷಮೆ ಕೇಳಿದಳು. ನನ್ನ ಮೇಲೆ ಪ್ರಿನ್ಸಿಪಾಲರಿಗೆ ದೂರು ಹೋಗಿದೆ. ಮುಂದಿನ ವರ್ಷ ನಾನಿಲ್ಲಿ ಪಾಠ ಮಾಡುತ್ತೇನೋ ಇಲ್ಲವೋ, ಜೂನ್ ತಿಂಗಳಲ್ಲಿ ಶಾಲಾ ಮಂಡಳಿ ಕೈ ಎತ್ತಿ ಹೇಳುತ್ತದೆ. ಟಾನ್ಯಾ ಕೇಳಿದ್ದು ಒಂದೇ: "ನಂಬ್ತೀನಿ ಅಂದಾಗ ನಿಮ್ಮ ಹತ್ರಾನೇ ಇತ್ತಾ?" ಹೌದು ಎಂದೆ. ಒಬ್ಬಳೇ ನಡೆದುಕೊಂಡು ವಾಪಸ್ ಹೋದಳು.

ನಿನ್ನೆ ಅವಳು ಓದಿದಳು. ಬರೆದವರಿಗೆ ಇದರಿಂದ ಅನುಕೂಲವಿತ್ತು, ಆದರೆ ಎದುರು ಮತ ಹಾಕಿದವರ ಸಹಿ ಕೆಳಗಿದೆ, ಆದ್ದರಿಂದ ನಂಬಬಹುದು ಎಂದಳು. ನನ್ನ ಕಡೆ ನೋಡಲಿಲ್ಲ. ಎಮಿಲ್ ಮಾವನೂ ಬಂದು ಕೂತಿದ್ದರು. ಮುದುಕಿ ಪೋಸ್ಪಿಶಿಲ್ ಎದ್ದು, "ಎಮಿಲ್, ಮೂವತ್ತೇಳು ವರ್ಷ ನಿನ್ ಕೈ ಕುಲುಕ್ಲಿಲ್ವಲ್ಲೋ ನಾನು" ಎಂದಳು. "ಈಗ ಕುಲುಕೇ. ಮೊದ್ಲು ಆ ಕಾಫಿ ಕೆಳಗಿಡು, ಮೈಮೇಲೆ ಚೆಲ್ತೀಯ" ಎಂದರು ಮಾವ. ಕೆಲವರು ನಕ್ಕರು. ಕೆಲವರು ನಿನ್ನ ಹೆಸರು ಹಿಡಿದು ಪಿಸುಗುಟ್ಟತೊಡಗಿದರು. ಆಗ ನಾನು ಎದ್ದು, ಅಮ್ಮ ಹಾಗೆ ಮಾಡಿದ್ದು ನನಗೋಸ್ಕರ, ಆ ಶಾಲೆಯಲ್ಲಿ ಓದು ಬಾರದಿದ್ದ ಹುಡುಗಿ ನಾನು ಎಂದು ಹೇಳಿದೆ.

ಪಟ್ಟಣದ ಶಾಲೆಗೆ ಸೇರಿದ ವರ್ಷ ಕ್ರಿಸ್‌ಮಸ್ ಹೊತ್ತಿಗೆ ನಾನು ಓದುತ್ತಿದ್ದೆ. ಅದು ನಿನ್ನಿಂದ. ಅದನ್ನು ನೆನೆದು ಅಳು ಬರುತ್ತದೆ, ಅದರ ಬೆನ್ನಿಗೇ ಸಿಟ್ಟು. ಆಲ್ಬಿನಾ ಅತ್ತೆ ಹೋಗಿ ಹನ್ನೆರಡು ವರ್ಷ, ಅಪ್ಪ ಹೋಗಿ ಒಂಬತ್ತು. ಆಮೇಲೆ ಯಾರಿಗೆ ಹೆದರಿದೆ? ಮಾವನ ಹೆಂಡತಿ ತೀರಿಕೊಂಡಾಗ ಮಣ್ಣಿಗೂ ಹೋಗಲಿಲ್ಲವಲ್ಲ ನೀನು. ಚೀಲದಲ್ಲಿ ಪುಸ್ತಕ ಇಟ್ಟುಕೊಂಡು ಎರಡು ದಿನ ಕಳೆಯುವಷ್ಟರಲ್ಲಿ ನನಗೆ ಊಟ ಸೇರಲಿಲ್ಲ. ನೀನು ಇಷ್ಟು ವರ್ಷ ಹೇಗಿದ್ದೆ?

ಉತ್ತರ ಕೊಡು ಎಂದು ಬಲವಂತ ಮಾಡುವುದಿಲ್ಲ. ಕೊಟ್ಟರೆ ನಿಜ ಕೊಡು.

ನಿನ್ನ ಮಗಳು,
ಮಾರ್ಲೀನ್

ಮರೆತಿದ್ದೆ: ಲಕೋಟೆಗೆ ಸ್ಟಾಂಪಿಲ್ಲ ಎಂದು ನೀನು ಗಮನಿಸಿರಬೇಕು. ಇದನ್ನು ನಿನ್ನ ಬಾಗಿಲ ಸಂದಿಯಲ್ಲಿ ತೂರಿಸಿದವರು ಎಮಿಲ್ ಮಾವ. ಬೆಲ್ ಒತ್ತಲು ಅವರಿಗೆ ಸಂಕೋಚ. ನೀನು ಓದಿ ಮುಗಿಸುವವರೆಗೆ ಕೆಳಗೆ ಕಾರಿನಲ್ಲಿ ಕೂತಿರುತ್ತೇನೆ ಎಂದಿದ್ದಾರೆ. ಕಿಟಕಿಯಿಂದ ಕೈ ಬೀಸಿದರೆ ಸಾಕಂತೆ, ಮೇಲೆ ಬರುತ್ತಾರೆ.