ಹುಲಿಗೆಮ್ಮಜ್ಜಿ ಅಂಟಿಸಿದ ಚೀಟಿ

ಹೊಸಪೇಟೆ
ಫೆಬ್ರವರಿ 30, 2291

ಹತ್ತು ತಲೆ ಹಿಂದಿನ ಹುಲಿಗೆಮ್ಮಜ್ಜಿಗೆ ಹೊನ್ನೂರವ್ವ ಮಾಡುವ ನಮಸ್ಕಾರಗಳು.

ತಾರೀಕು ನೋಡಿ ಗಾಬರಿಯಾಗಬೇಡಿ, ಈಗ ಫೆಬ್ರವರಿಗೂ ಮೂವತ್ತು ದಿನ. ನಾಲ್ಕನೇ ಕ್ಲಾಸನ್ನು ಎರಡು ಸಲ ಅರ್ಧಕ್ಕೆ ಬಿಟ್ಟವಳು ನಾನು. ಮಾತು ವಿಚಿತ್ರ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ. ಹೋದ ವಾರ ಮೂರು ದಿನ ಒಂದೇ ಕೆಟ್ಟ ಕನಸು ಕಂಡೆ. ಮಗಳು ಸುಂಕ್ಲಮ್ಮನ ಮದುವೆಯಲ್ಲಿ ನಿಮ್ಮ ಕಂಪ್ಯೂಟರಿನಿಂದ ಸದ್ದೇ ಬರದೆ, ಬೀಗರು ಎಲೆ ಬಿಟ್ಟು ಎದ್ದು ಹೋದಂತೆ.

ನಮ್ಮಲ್ಲಿ ಮನೆಯ ಅತಿ ಹಿರಿಯ ದನಿ ಸೋಬಾನೆ ಹಾಡದೆ ಅಕ್ಕಿಕಾಳು ಬೀಳುವುದಿಲ್ಲ. ನಮ್ಮ ಮನೆಯ ಹಿರಿಯ ದನಿ ನಿಮ್ಮದು, ನೀವು ಹಾಡಿ ತುಂಬಿಟ್ಟದ್ದು ಆ ಕಂಪ್ಯೂಟರ್ ಪೆಟ್ಟಿಗೆಯಲ್ಲಿದೆ. ಬಿಸಿಲುಬಟ್ಟೆ ಹೊದಿಸಿ ಚಾಲೂ ಮಾಡಿದೆವು. ಬಿಸಿಲಿನಿಂದ ಕರೆಂಟು ಹುಟ್ಟಿಸುವ ಸೀರೆ ಎಂದುಕೊಳ್ಳಿ. ಪರದೆ ಬೆಳಗಿತು, ದನಿ ಬರಲಿಲ್ಲ. ಸಾಧನಗಳ ಪಟ್ಟಿಯಲ್ಲಿ ಒಂದು ಕಡೆ ಹಳದಿ ಗುರುತು, ‘ಅಪರಿಚಿತ ಸಾಧನ’ ಎಂದು. ಮದುವೆಗೆ ಎರಡೇ ದಿನ.

ನೀವಿಟ್ಟ ಚೀಲದಲ್ಲಿ ಸಾಧನಗಳನ್ನು ನಡೆಸುವ ಡ್ರೈವರ್ ತಂತ್ರಾಂಶ ತುಂಬಿದ ಒಂಬತ್ತು ಪೆನ್‌ಡ್ರೈವ್ ಇದ್ದವು, ಒಂದೊಂದರ ಮೇಲೂ ಒಂದು ನಂಬರ್. ಹಳೆ ಯಂತ್ರಗಳ ನಂಟು ಹುಡುಕುವ ನಮ್ಮ ಗುರುತುಕಟ್ಟೆಯ ಹಿರಿಯ ಗಾದಿಲಿಂಗ ಮಾವ ನಂಬರ್ ಓದಲೇ ಇಲ್ಲ. ಕಟ್ಟೆಯ ಪದ್ಧತಿಯೇ ಮುಖ ನೋಡಿ ಹೇಳುವುದು.

“ಹಿಂದಿನ ಕಿಂಡ್ಯಾಗ ಕಾಣೋ ದನಿ ಕಾರ್ಡು ಹಸರು, ಅದಕ್ಕ ಹಸರು ಪೆನ್‌ಡ್ರೈವ್ ಹಾಕವ್ವ. ಹೆಣ್ಣು ನೋಡಾಕ ಹೋದ್ರ ಮುಖ ನೋಡಂಗಿಲ್ಲೇನು?” ಅಂದರು.

ಹಾಕಿದೆ. ಅದು ಪ್ರಿಂಟರಿನದು! ಮಧ್ಯಾಹ್ನವಿಡೀ ಪೆಟ್ಟಿಗೆ ಕಾಗದ ಹಾಕಿರೆಂದು ಕೇಳುತ್ತಲೇ ಇತ್ತು. “ಲಗ್ನಪತ್ರಿಕೆ ಅಚ್ಚು ಹಾಕತೈತಿ ಬಿಡತ್ತಿಗಿ,” ಎಂದು ನಾದಿನಿ ನಕ್ಕಳು.

ಧೂಳು ಒರೆಸಲು ಮುಚ್ಚಳ ತೆಗೆದಾಗ ಒಳಗೆ ಅಂಟಿಸಿದ ನಿಮ್ಮ ಚೀಟಿ ಕಂಡಿತು: “ಮುಖ ನೋಡಬ್ಯಾಡ. ಹಳದಿ ಗುರುತಿನ ವಿವರ ತೆಗಿ, ಹಾರ್ಡ್‌ವೇರ್ ಐಡಿ ಓದು. ಮೊದಲ ನಾಲ್ಕು ಅಂಕಿ ಸಾಧನ ಮಾಡಿದವರದು, ಆಮೇಲಿನ ನಾಲ್ಕು ವಸ್ತುವಿಂದು. ಎಂಟೂ ಕೂಡಿ ಬರೋ ನಂಬರಿನ ಪೆನ್‌ಡ್ರೈವನ್ನೇ ಹಾಕು.”

ಬೆರಳಿಟ್ಟು ಓದಿದೆ, ಮೂರು ಸಲ. ಎಂಟೂ ಕೂಡಿ ಬಂದದ್ದು ಬಣ್ಣ ಮಾಸಿದ ಕೆಂಪು ಪೆನ್‌ಡ್ರೈವಿನ ನಂಬರಿಗೆ. ಹಾಕಿದೆ, ಹಳದಿ ಗುರುತು ಹೋಯಿತು. ನೀವು ಒಮ್ಮೆ ಕೆಮ್ಮಿ, ಹಾಡಿದಿರಿ. ಮಾವ ಕಣ್ಣೊರೆಸಿಕೊಂಡು ಧೂಳಿನ ಮೇಲೆ ತಪ್ಪು ಹೊರಿಸಿದರು. ನಿನ್ನೆ ಮದುವೆಯಲ್ಲಿ ಬೀಗರು ಎರಡೆರಡು ಸಲ ಹೋಳಿಗೆ ಹಾಕಿಸಿಕೊಂಡರು.

ಆದರೂ ಒಂದು ಚಿಂತೆ ಬಿಡುತ್ತಿಲ್ಲ. ಚೀಟಿಯ ಎಡಮೂಲೆ ಎದ್ದು ಬಂದಿತ್ತು. ಈ ಪತ್ರ ನಿಮ್ಮ ಕಾಲಕ್ಕೆ ತಲುಪುವಾಗ ನೀವಿನ್ನೂ ಮುಚ್ಚಳ ಹಾಕಿರದಿದ್ದರೆ, ಕೈ ಮುಗಿಯುತ್ತೇನಜ್ಜಿ, ಆ ಮೂಲೆಗೆ ಗಮ್ ಹತ್ತಿದೆಯೋ ಇಲ್ಲವೋ ಇನ್ನೊಮ್ಮೆ ಒತ್ತಿ ನೋಡಿ.