ಅಕ್ರೋಟು ಮರದ ಕುಂದ

ಸವಣೂರು
ರವಿವಾರ, ೯ ನವೆಂಬರ್ ೨೦೨೫

ಪ್ರೀತಿಯ ಮಗ ಅಫ್ಜಲನಿಗೆ ನಿನ್ನ ಅಪ್ಪನ ಸಲಾಮು ಮತ್ತು ದುವಾ.

ಮೈಯಲ್ಲಿ ಹುಷಾರಾಗಿದ್ದೀಯಾ? ಹೋದ ತಿಂಗಳು ಫೋನಿನಲ್ಲಿ ನೀನು ಕೆಮ್ಮುತ್ತಿದ್ದೆ. ಕೇಳಿದರೆ ಅಲ್ಲಿಯ ಧೂಳು ಎಂದೆ. ಧೂಳಿಗೆ ಕೆಮ್ಮುವವನು ಶಿಗ್ಗಾಂವಿಯ ಹೈವೇ ಗ್ಯಾರೇಜಿನಲ್ಲಿ ಆರು ವರ್ಷ ಹೇಗೆ ತೆಗೆದೆಯೋ ನನಗೆ ತಿಳಿಯದು. ಆದರೂ ಮಲಗುವ ಮುಂಚೆ ಬಿಸಿನೀರು ಕುಡಿ. ಇಲ್ಲಿ ನಾವಿಬ್ಬರೂ ಆರಾಮ ಇದ್ದೇವೆ. ನಿನ್ನ ಅವ್ವನ ಮೊಣಕಾಲು ಬೆಳಗಿನ ಹೊತ್ತು ಅವಳ ಮಾತು ಕೇಳುವುದಿಲ್ಲ, ಬಿಸಿಲೇರಿದ ಮೇಲೆ ದಾರಿಗೆ ಬರುತ್ತದೆ. ನನ್ನ ಎಡಗಣ್ಣಿನ ಪೊರೆ ತೆಗೆಸಿದಂದಿನಿಂದ ಬಿಳಿ ಗೋಡೆ ತುಸು ನೀಲಿ ಕಾಣುತ್ತದೆ. ಅದೇ ನಿಜವಾದ ಬಣ್ಣ ಅನ್ನುತ್ತಾರೆ ಡಾಕ್ಟರು. ಅರವತ್ತಾರು ವರ್ಷ ಕಳೆದ ಮೇಲೆ ನಿಜವಾದ ಬಣ್ಣ ತೋರಿಸಿ ಏನು ಪ್ರಯೋಜನ? ನಿನ್ನ ಅಕ್ಕ ಸುಮಯ್ಯ ಹಾನಗಲ್ಲಿನಿಂದ ಬಂದು ಎರಡು ದಿನ ಇದ್ದು, ಮನೆಯ ಡಬ್ಬಿಗಳನ್ನೆಲ್ಲ ಸ್ಥಳ ಬದಲಿಸಿ ಹೋದಳು. ಈಗ ಸಕ್ಕರೆ ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ.

ಈ ಕಾಲದಲ್ಲಿ ಪತ್ರ ಯಾಕೆ ಎಂದು ನಗಬೇಡ. ನಿನ್ನ ಫೋನು ಬಂದರೆ ನಿನ್ನ ಅವ್ವ ರಹಿಮಾಬಿ ಸ್ಪೀಕರ್ ಹಾಕಿಸದೆ ಬಿಡುವುದಿಲ್ಲ. ಅವಳ ಪಾಲಿಗೆ ನೀನು ಇನ್ನೂ ನಮೀಬಿಯಾದಲ್ಲಿ ಜೀಪುಗಳ ಕೆಳಗೆ ಮಲಗಿ ನಟ್ಟು ಬಿಗಿಯುತ್ತಿದ್ದೀಯ. ಬೇಟೆ ಫಾರ್ಮಿನ ಮಾಲಕ ನಿನಗೆ ಲೈಸನ್ಸು ಮಾಡಿಸಿಕೊಟ್ಟಿದ್ದು, ಶಿಕಾರಿಗೆ ಬರುವ ಪರದೇಶಿ ಮಂದಿಯ ಜೊತೆ ಇನ್ನು ಮುಂದೆ ನೀನು ನಡೆದು ಹೋಗುವುದು, ಅವರ ಗುಂಡಿಗೆ ಗಾಯಗೊಂಡ ಕಾಡುಕೋಣ ತಿರುಗಿಬಿದ್ದರೆ ನೀನು ನಿಂತು ಹೊಡೆಯಬೇಕಾದದ್ದು, ಇದಾವುದೂ ಅವಳಿಗೆ ಗೊತ್ತಿಲ್ಲ. ಹೇಳಬೇಡ ಎಂದು ನೀನೇ ಅಂದಿದ್ದೀಯ. ಹಾಗಾಗಿ ಅವಳು ಕೆಳಗೆ ಅಡುಗೆಯಲ್ಲಿರುವಾಗ ಮಾಳಿಗೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ. ಹಾಳೆಗಳ ಫೋಟೋ ತೆಗೆದು ಕಳಿಸುತ್ತೇನೆ. ಓದಿ ಅಳಿಸಿಬಿಡು.

ಯಾವುದನ್ನು ಕೊಳ್ಳಲಿ ಎಂದು ಕೇಳಿ ನೀನು ಕಳಿಸಿದ ಎರಡೂ ಬಂದೂಕಿನ ಚಿತ್ರಗಳನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ಎರಡೂ ಬೋಲ್ಟ್ ಎಳೆದು ತೋಟಾ ಹಾಕುವಂಥವು, ಎರಡಕ್ಕೂ ಅಕ್ರೋಟು ಮರದ ಕುಂದ, ಎರಡೂ ದೊಡ್ಡ ಪ್ರಾಣಿಗೆ ಸಾಲುವ ಒಂದೇ ಅಳತೆಯ ಗುಂಡಿನವು ಎಂದು ಬರೆದಿದ್ದೀಯ. ಕಬ್ಬಿಣದ ಮಾತು ನನಗೆ ತಿಳಿಯದು, ಅದನ್ನು ಮಾಲಕನನ್ನು ಕೇಳು. ಹೆಗಲಿಗೂ ಕೆನ್ನೆಗೂ ತಾಗುವ ಕಟ್ಟಿಗೆಯ, ಅಂದರೆ ಕುಂದದ, ವಿಷಯ ಮಾತ್ರ ನಾನು ಹೇಳಬಲ್ಲೆ. ಮೊದಲನೆಯದರ ಕುಂದ ಬಲು ಚೆಂದ. ಕಪ್ಪು ಕಂದು ಎಳೆಗಳು ಹಿಂಭಾಗದಲ್ಲಿ ಸುಳಿ ಸುಳಿಯಾಗಿ ತಿರುಗಿ, ಕುತ್ತಿಗೆಯ ಹತ್ತಿರ ಬಂದೊಡನೆ ನೆಟ್ಟಗಾಗಿವೆ. ಅಂಥ ಹಲಗೆ ಆರಿಸಿದವನು ಕಸುಬುದಾರ. ಕೈಹಿಡಿಯುವ ಆ ಸಣ್ಣ ಕುತ್ತಿಗೆಯಲ್ಲೇ ಬಂದೂಕಿನ ಒದೆತವೆಲ್ಲ ಕೂಡುತ್ತದೆ. ಅಲ್ಲಿ ಎಳೆ ಅಡ್ಡ ಹೋಗಿದ್ದರೆ ಇವತ್ತಲ್ಲ ನಾಳೆ ಸೀಳುತ್ತದೆ. ಎರಡನೆಯದೂ ಗಟ್ಟಿಯೇ, ಎಳೆ ನೆಟ್ಟಗಿದೆ. ಆದರೆ ಮೋರೆಗೆ ಕಳೆಯಿಲ್ಲ. ಮಾಸಿದ ಬಣ್ಣ, ಹಿಂದಿನ ಯಜಮಾನ ಎಲ್ಲೋ ಬಂಡೆಗೆ ಉಜ್ಜಿಸಿದ ಗೀರು, ಹಳೆಯ ಬಾಗಿಲಿನ ಅಗಳಿಯ ಹಾಗೆ ಕಾಣುತ್ತದೆ. ಚಿತ್ರದಲ್ಲಿ ಕಂಡದ್ದು ಇಷ್ಟು. ಅಂಗಡಿಯಲ್ಲಿ ಕೈಗೆ ಕೊಟ್ಟಾಗ ಬೆರಳಿನ ಗೆಣ್ಣಿನಿಂದ ಕುತ್ತಿಗೆಯನ್ನು ಸುತ್ತಲೂ ಬಡಿದು ಕೇಳು. ಗಟ್ಟಿ ಮರ ಟಣ್ ಅನ್ನುತ್ತದೆ. ಎಲ್ಲಾದರೂ ಡಬ್ ಎಂಬ ಮಂದ ದನಿ ಬಂದರೆ ಒಳಗೆ ಒಡಕಿದೆ ಅಂತ ತಿಳಿದು ಕೆಳಗಿಡು. ಹೊಳಪು ನೋಡಿ ಮರುಳಾಗಬೇಡ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಈ ಮಾತನ್ನು ಇಷ್ಟು ಒತ್ತಿ ಯಾಕೆ ಹೇಳುತ್ತೇನೆಂದರೆ, ಒಡಕಿನ ಮೇಲೆ ಹೊಳಪು ಹಚ್ಚಿದ ಒಬ್ಬ ಬಡಿಗನನ್ನು ನಾನು ಬಲ್ಲೆ. ಅವನು ನಾನೇ. ಮೂವತ್ತೆಂಟು ವರ್ಷ ಇದನ್ನು ಹೊಟ್ಟೆಯೊಳಗೆ ಇಟ್ಟುಕೊಂಡಿದ್ದೆ. ನಿನ್ನ ಪ್ರಶ್ನೆ ಬಂದ ಮೇಲೆ ಇಟ್ಟುಕೊಳ್ಳಲು ಆಗಲಿಲ್ಲ.

ನಮ್ಮ ಮನೆಯ ರಿವಾಜು ನಿನಗೆ ಗೊತ್ತು. ಒಡೆದ ಕುಂದ ರಿಪೇರಿಗೆ ಬಂದರೆ ಸರಸಿನ ಅಂಟು ಹಾಕಿ ಕೂಡಿಸಿ, ಒಡಕಿನ ಮೇಲೆ ಒಂದು ಹಿತ್ತಾಳೆಯ ಮೊಳೆ ಹೊಡೆದು ಅದರ ತಲೆ ಹೊರಗೆ ಕಾಣುವ ಹಾಗೆ ಬಿಡಬೇಕು. ಬಲಕ್ಕಾಗಿ ಮಾತ್ರವಲ್ಲ. ಮುಂದೆ ಅದನ್ನು ಹಿಡಿದವನಿಗೆ ಇಲ್ಲಿ ಗಾಯವಿದೆ ಎಂದು ತಿಳಿಯಲಿ ಅಂತ. ನಿನ್ನ ಅಜ್ಜ ಇರುವಷ್ಟು ದಿನ ಮೊಳೆಯಿಲ್ಲದೆ ಒಂದು ಕುಂದವೂ ನಮ್ಮ ಅಂಗಡಿಯ ಮೆಟ್ಟಿಲು ಇಳಿಯಲಿಲ್ಲ. ಅವರು ತೀರಿಕೊಂಡ ಮರುವರ್ಷ ಹಂಸಭಾವಿಯ ಲಕ್ಷ್ಮಪ್ಪ ತಮ್ಮ ಒಂಟಿ ನಳಿಗೆಯ ಬಂದೂಕು ತಂದರು. ಬೆಳೆ ಕಾಯುವುದಕ್ಕೆ ಲೈಸನ್ಸು ಕೊಟ್ಟಿದ್ದ ಬಂದೂಕು, ಶಿಕಾರಿಯದಲ್ಲ. ಕುತ್ತಿಗೆ ಒಡೆದಿತ್ತು. ನನಗೆ ಆಗ ಇಪ್ಪತ್ತೆಂಟು. ಅಪ್ಪನಿಗಿಂತ ನಾನು ಜಾಣ ಅಂತ ಊರಿಗೆ ತೋರಿಸಬೇಕಾಗಿತ್ತು. ಮೊಳೆ ಹೊಡೆಯಲಿಲ್ಲ. ಮರದ ಹುಡಿಯನ್ನು ಅರಗಿನಲ್ಲಿ ಕಲಸಿ ಒಡಕಿಗೆ ತುಂಬಿ, ಎಳೆಯ ಗೆರೆಗಳನ್ನು ಸೂಜಿಯಿಂದ ಕೊರೆದು, ಎಂಟು ದಿನ ಅಗಸಿ ಎಣ್ಣೆ ತಿಕ್ಕಿದೆ. ಒಡೆದದ್ದು ಎಲ್ಲಿ ಎಂದು ನನಗೇ ಹುಡುಕಲು ಬರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು. ಲಕ್ಷ್ಮಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ಹೊಸದೇ ಆಯಿತು ಎಂದು ಮುಖವರಳಿಸಿಕೊಂಡು ಹೋದರು.

ಆ ಸುಗ್ಗಿಯಲ್ಲಿ ಗೋವಿನಜೋಳಕ್ಕೆ ಬಂದ ಹಂದಿಯ ಮೇಲೆ ಅವರು ಗುಂಡು ಹಾರಿಸಿದಾಗ ಕುಂದ ಅದೇ ಜಾಗದಲ್ಲಿ ಎರಡಾಯಿತು. ಗಾಯಗೊಂಡ ಹಂದಿ ಅವರ ಬಲಗೈಯನ್ನು ಮೊಣಕೈವರೆಗೆ ಸೀಳಿತು. ಮೂರು ಬೆರಳು ಇವತ್ತಿಗೂ ಮಡಚುವುದಿಲ್ಲ. ಊಟಕ್ಕೆ ಕುಳಿತರೆ ಹೆಂಡತಿ ಹೊಳೆವ್ವ ರೊಟ್ಟಿ ಮುರಿದು ತಾಟಿಗೆ ಹಾಕಬೇಕು. ಬಂದೂಕು ಹಳೆಯದಾಗಿತ್ತು ಅಂತ ಎಲ್ಲರೂ ಅಂದರು. ನಾನೂ ಹೌದೆಂದೆ. ನೋಡಲು ಹೋದಾಗ ಸೇಬುಹಣ್ಣು ಒಯ್ದೆ, ನಿಜ ಒಯ್ಯಲಿಲ್ಲ.

ಮೊನ್ನೆ ಗುರುವಾರ ಬಸ್ಸು ಹತ್ತಿ ಹಂಸಭಾವಿಗೆ ಹೋದೆ. ಸೀರೆ ಅಂಗಡಿಯ ಕಪಾಟಿನ ಅಳತೆಗೆ ಎಂದು ನಿನ್ನ ಅವ್ವನಿಗೆ ಸುಳ್ಳು ಹೇಳಿದೆ. ಲಕ್ಷ್ಮಪ್ಪ ಕಣದಲ್ಲಿ ಜೋಳದ ತೆನೆ ಹರವುವುದನ್ನು ನೋಡುತ್ತ ಕುಳಿತಿದ್ದರು. ಕುಶಲ ಕೇಳುವುದು, ಚಹಾ ಕುಡಿಯುವುದು ಎಲ್ಲ ಮುಗಿಯಿತು. ಕೊನೆಗೆ ನೆಲ ನೋಡುತ್ತ, "ಲಕ್ಷ್ಮಪ್ಪನವರ, ಆ ಕುಂದದಾಗಿನ ಒಡಕು ಕಾಣದಂಗ ಮುಚ್ಚಿ ಕೊಟ್ಟಿದ್ನಿರಿ ನಾ. ಮೊಳಿ ಹೊಡಿಲಿಲ್ಲ" ಎಂದೆ.

ಅವರು ತೆನೆಯ ಕಡೆಯಿಂದ ಕಣ್ಣು ತೆಗೆಯಲಿಲ್ಲ. "ಗೊತ್ತೈತ್ರಿ. ಮುರದ ತುಂಡಿನಾಗ ಅರಗು ಕಂಡಿತ್ತು."

ಮತ್ತೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಹೇಳಿದ್ರ ಕೈ ತಿರುಗಿ ಬರತಿತ್ತೇನ್ರಿ?" ಎಂದರು. ಸಿಟ್ಟಿನಿಂದ ಅಲ್ಲ, ಮಳೆ ಬಂತೇ ಎಂದು ಕೇಳುವ ಹಾಗೆ. ಮುಂದೆ ಇನ್ನೂ ಒಂದೆರಡು ಮಾತು ಆಡಿದರು, ಅದು ಇರಲಿ. ನಾನು ಮಾಫಿ ಕೇಳಿದೆ. ಹೊಳೆವ್ವ ಬುಟ್ಟಿ ತುಂಬ ಅವರೆಕಾಯಿ ಕಟ್ಟಿಕೊಟ್ಟಳು. ಕಪಾಟಿನ ಅಳತೆಗೆ ಹೋದವನು ಅವರೆಕಾಯಿ ತಂದದ್ದಕ್ಕೆ ನಿನ್ನ ಅವ್ವ ಇನ್ನೂ ನನ್ನನ್ನು ಒಂದು ಥರ ನೋಡುತ್ತಿದ್ದಾಳೆ.

ಇದನ್ನು ಓದಿ ನಿನಗೆ ಅಪ್ಪನ ಮೇಲೆ ಏನನ್ನಿಸುತ್ತದೋ ಗೊತ್ತಿಲ್ಲ. ಅನ್ನಿಸಿದ್ದು ಅನ್ನಿಸಲಿ. ನಿನ್ನ ಕೈಗೆ ಬರುವ ಕಟ್ಟಿಗೆಯ ವಿಷಯದಲ್ಲಿ ಸುಳ್ಳು ಇರಬಾರದು, ಅದಷ್ಟೇ ನನಗೆ ಬೇಕು. ಈಗ ನನ್ನ ತೀರ್ಮಾನ ಕೇಳು. ಬಡಿದು ನೋಡಿ ದನಿ ಸರಿಯಿದ್ದರೆ ಮೊದಲನೆಯದನ್ನೇ ತೆಗೆದುಕೋ. ಅಂಥ ಮರ ನನ್ನ ಜೀವಮಾನದಲ್ಲಿ ಎರಡು ಸಲ ಕಂಡಿದ್ದೇನೆ. ಮಳೆಗೆ ತೊಯ್ದರೆ ಬಿಸಿಲಿಗೆ ಇಡಬೇಡ, ನೆರಳಿನಲ್ಲಿ ಆರಲಿ. ತಿಂಗಳಿಗೊಮ್ಮೆ ಅಂಗೈಯಿಂದಲೇ ಎಣ್ಣೆ ತಿಕ್ಕು, ಅರಿವೆ ಬೇಡ.

ವೇಳೆಗೆ ಸರಿಯಾಗಿ ಉಣ್ಣು. ಅಲ್ಲಾಹನು ನಿನ್ನನ್ನು ತನ್ನ ನೆರಳಿನಲ್ಲಿ ಇಟ್ಟುಕೊಳ್ಳಲಿ. ನಿನ್ನ ಜೊತೆಯವರಿಗೆ ನನ್ನ ಸಲಾಮು ತಿಳಿಸು.

ಇಂತಿ ನಿನ್ನ ಅಪ್ಪ,
ಬಂದೇಸಾಬ

ತಾ.ಕ.: ಹಾಳೆ ಹಾಸಿ ಫೋಟೋ ತೆಗೆಯುವಾಗ ಮತ್ತೊಮ್ಮೆ ಓದಿದೆ. ಲಕ್ಷ್ಮಪ್ಪ ಆಡಿದ ಒಂದೆರಡು ಮಾತು ಇರಲಿ ಎಂದೆನಲ್ಲ, ಇರಬಾರದು. ಅವರು ಹೇಳಿದ್ದು ಹೀಗೆ: "ಕುಂದ ಮುರದಾಗ ನನಗೇನೂ ಆಗಿದ್ದಿಲ್ಲರಿ. ಬಂದೂಕು ಕೈಜಾರಿ ಕೆಳಗ ಬಿತ್ತು, ನಾ ಬಂಡಿಗಲ್ಲಿನ ಮ್ಯಾಲ ಹತ್ತಿ ನಿಂತಿದ್ನಿ. ಅಷ್ಟ ಚಂದ ಮಾಡಿ ಕೊಟ್ಟಿದ್ರಿ ನೀವು, ಹಂದಿ ಅದನ್ನ ತುಳದ ಗಿಳದೀತು ಅಂತ ಎತ್ತಿಕೊಳ್ಳಾಕ ಇಳದ್ನಿ." ನನ್ನ ಕೆಲಸದ ಹೊಗಳಿಕೆ ಎಂದು ಅದನ್ನು ಕೇಳಿಸಿಕೊಂಡೆ, ಅಫ್ಜಲ. ಬಸ್ಸಿನಲ್ಲಿ ಬರುವಾಗ ಒಳಗೊಳಗೇ ಖುಷಿಪಟ್ಟೆ. ಅದಕ್ಕೇ ಬರೆಯಲು ನಾಚಿಕೆಯಾಗಿ ಬಿಟ್ಟೆ. ಅವರು ಹೇಳಿದ್ದು ಏನೆಂದು ಈಗ ತಿಳಿಯಿತು. ಮೊದಲನೆಯದು ಬೇಡ. ಎರಡನೆಯದನ್ನು ತೆಗೆದುಕೋ, ಆ ಗೀರು ಬಿದ್ದದ್ದನ್ನು. ಕೋಣ ಮೈಮೇಲೆ ಬಂದು ಬಂದೂಕು ಕೈಕೊಟ್ಟರೆ ಬಿಸಾಡಲು ಮನಸ್ಸು ಒಂದು ಕ್ಷಣವೂ ಹಿಂದೆಗೆಯಬಾರದು. ಮಾಲಕ ಏನಾದರೂ ಅನ್ನಲಿ, ಎತ್ತಿಕೊಳ್ಳಲು ಬಗ್ಗಬೇಡ, ಓಡು. ಕಟ್ಟಿಗೆ ಮತ್ತೆ ಸಿಗುತ್ತದೆ. ನಿನ್ನ ಅವ್ವ ಮೆಟ್ಟಿಲು ಹತ್ತುತ್ತಿದ್ದಾಳೆ. ಈ ಸಲ ಅವಳು ಕೇಳಿದರೆ ನಾನು ಸುಳ್ಳು ಹೇಳುವುದಿಲ್ಲ.