ಸಾವಿನ ಕಾಗದದ ಸುದ್ದಿ

ರೇನರ್ಸ್ ಲೇನ್, ಹ್ಯಾರೋ
೮ ಫೆಬ್ರವರಿ ೨೦೨೬, ಭಾನುವಾರ

ಪ್ರೀತಿಯ ಕೃಷ್ಣಿ,

ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆದರೆ ಅರ್ಧ ನಿಜ, ಅರ್ಧ ಸುಳ್ಳು; ಸದ್ಯಕ್ಕೆ ಹಾಗೇ ಇಟ್ಟುಕೋ. ನಿನ್ನ ಮೆಸೇಜು ಬಂದು ಮೂರು ವಾರವಾಯಿತು. ಉತ್ತರ ಬರೆಯಲಿಲ್ಲ, ಫೋನೂ ಎತ್ತಲಿಲ್ಲ. ಬಯ್ದುಕೊಂಡಿರುತ್ತೀಯ, ಇನ್ನೂ ನಾಲ್ಕು ಬಯ್ಯಿ. ಫೋನಿನಲ್ಲಿ ನೀನು ಯಾವಾಗಲೂ ಸ್ಪೀಕರ್ ಹಾಕಿರುತ್ತೀಯ, ಪಕ್ಕದಲ್ಲಿ ನಿನ್ನ ಯಜಮಾನರು ಕೂತಿರುತ್ತಾರೆ. ಈ ಮಾತು ಅವರ ಕಿವಿಗೆ ಬೀಳುವುದು ಬೇಡ ಅನ್ನಿಸಿತು. ಅದಕ್ಕೇ ಮೈಸೂರಿನ ಹಾಸ್ಟೆಲಿನಿಂದ ರಜಕ್ಕೆ ಹೋದಾಗ ಬರೆಯುತ್ತಿದ್ದ ಹಾಗೆ ಪೆನ್ನು ಹಿಡಿದಿದ್ದೇನೆ. ಅಕ್ಷರ ನೋಡಿ ನಗಬೇಡ.

ನೀನು ಕೇಳಿದ್ದು ಇಷ್ಟು. ಇಪ್ಪತ್ತಾರನೇ ತಾರೀಖು ವೇಣುಗೋಪಾಲರ ಹೃದಯದ ಡಾಕ್ಟರು ನಿಮ್ಮಿಬ್ಬರನ್ನೂ ಕೂರಿಸಿಕೊಂಡು, ಕಾಯಿಲೆ ವಿಪರೀತಕ್ಕೆ ಹೋದರೆ ಏನು ಮಾಡಬೇಕು, ಏನು ಬೇಡ ಎಂದು ಮಾತಾಡಬೇಕಂತೆ. ಅವರು ಹೋಗೋಣ ಅನ್ನುತ್ತಾರೆ. ನೀನು ಅಪಾಯಿಂಟ್‌ಮೆಂಟೇ ರದ್ದು ಮಾಡಿಸಲು ಹೊರಟಿದ್ದೀಯ. ಕಾರಣ, ನಿಮ್ಮ ನ್ಯೂಜೆರ್ಸಿ ಕನ್ನಡಿಗರ ಗುಂಪಿನಲ್ಲಿ ನಮ್ಮ ಗೆಳತಿ ಬೃಂದಾ ಹಾಕಿದ ಫಾರ್ವರ್ಡ್. ಇನ್ಶೂರೆನ್ಸ್ ಸುಧಾರಣೆ ಎಂದು ಅಮೆರಿಕದಲ್ಲಿ ತಂದದ್ದೆಲ್ಲ ಲಂಡನ್ನಿನ ನಕಲು, ಅಲ್ಲಿ ಯಾರು ಬದುಕಬೇಕೆಂದು ತೀರ್ಮಾನಿಸಲು ಒಂದು ಸಮಿತಿಯೇ ಇದೆ, ಅರವತ್ತು ದಾಟಿದ ಕನ್ನಡಿಗರೊಬ್ಬರ ಮಂಚದ ಹತ್ತಿರ 'ಸಾವಿನ ಕಾಗದ' ತಂದು ಸಹಿ ಕೇಳಿದರು, ಚಿಕಿತ್ಸೆ ಕೊಡದೆ ಹದಿನೈದೇ ದಿನದಲ್ಲಿ ಕಳಿಸಿಬಿಟ್ಟರು ಎಂದೆಲ್ಲ ಅದರಲ್ಲಿದೆ. "ನೀನು ಅಲ್ಲೇ ಇದ್ದೀಯಲ್ಲೇ ಅಂಬು, ನಿಜವೋ ಸುಳ್ಳೋ ಒಂದೇ ಮಾತಲ್ಲಿ ಹೇಳು" ಎಂದಿದ್ದೀಯ. ಒಂದೇ ಮಾತಲ್ಲಿ ಹೇಳುವಂತಿದ್ದರೆ ಮೂರು ವಾರ ಯಾಕೆ ಬೇಕಿತ್ತು?

ಮೊದಲು ಮಗಳಿಗೆ ತೋರಿಸಿದೆ. ಸ್ಮೃತಿ ಶೂ ಹಾಕಿಕೊಳ್ಳುತ್ತಲೇ ಓದಿ, "ಅಮ್ಮಾ, ದಿಸ್ ಈಸ್ ಟೋಟಲ್ ರಬಿಶ್. ಜಸ್ಟ್ ಡಿಲೀಟ್ ಇಟ್" ಎಂದು ಕ್ಯಾನರಿ ವಾರ್ಫಿನ ಆಫೀಸಿಗೆ ಹೊರಟುಹೋದಳು. ನಾನು ಡಿಲೀಟ್ ಮಾಡಲಿಲ್ಲ. ಎರಡು ದಿನ ಕಂಪ್ಯೂಟರಿನ ಮುಂದೆ ಕೂತು ನಿಮ್ಮ ದೇಶದ ಕಾನೂನು ಓದಿದೆ. ಓದಿದಷ್ಟೂ ತಲೆ ಗೊಜ್ಜಾಯಿತು. ಒಬ್ಬರು ಹೌದು ಅನ್ನುತ್ತಾರೆ, ಇನ್ನೊಬ್ಬರು ಅವರನ್ನೇ ಕಳ್ಳರು ಅನ್ನುತ್ತಾರೆ. ಕೊನೆಗೆ ಕೈಗೆ ಹತ್ತಿದ್ದು ಇಷ್ಟು: ಅಂಥ ಸಮಿತಿ ಯಾವ ಕಾನೂನಿನಲ್ಲೂ ಇಲ್ಲ. ರೋಗಿ ಇಷ್ಟಪಟ್ಟರೆ ಡಾಕ್ಟರು ಕೂತು ಇಂಥ ಮಾತಾಡಲಿ, ಆ ಸಮಯಕ್ಕೆ ಅವರಿಗೆ ಶುಲ್ಕ ಸಿಗಲಿ ಎಂದು ಹಿಂದೊಮ್ಮೆ ಮಸೂದೆಯಲ್ಲಿ ಯಾರೋ ಬರೆದದ್ದನ್ನೇ ಜನ ಹಾಗೆ ಉಬ್ಬಿಸಿದರು. ಈಗ ವಯಸ್ಸಾದವರಿಗಿರುವ ನಿಮ್ಮ ಸರ್ಕಾರಿ ಇನ್ಶೂರೆನ್ಸು, ಆ ಮೆಡಿಕೇರ್, ಆ ಶುಲ್ಕ ಕೊಡುತ್ತದೆ, ಅದು ನಿಜ. ಬೇಡವೆಂದರೆ ಎದ್ದು ಬರಬಹುದು, ಅದೂ ನಿಜ.

ನಮ್ಮ ಲಂಡನ್ನಿನ ಕಥೆ ಕೇಳಲು ಎರಡು ಮನೆಯಾಚೆಯ ವ್ಯಾಲೆಂಟೀನಾ ಹತ್ತಿರ ಹೋದೆ. ಉಡುಪಿಯ ಕಡೆಯವಳು, ಮೂವತ್ತು ವರ್ಷ ಇಲ್ಲಿ ನರ್ಸ್ ಆಗಿದ್ದವಳು. ಓದಿ ಕನ್ನಡಕ ತೆಗೆದಿಟ್ಟು, "ಸಾವಿನ ಕಾಗದ ಅಂತ ಎಂತ ಇಲ್ಲ ಮಾರಾಯ್ತಿ. ಹೃದಯ ನಿಂತರೆ ಎದೆ ಒತ್ತುವುದು ಬೇಡ ಅಂತ ಬರೆಯುವ ಫಾರಮ್ ಅದು. ಮದ್ದು, ಊಟ, ಆಕ್ಸಿಜನ್ ಎಲ್ಲ ಕೊಡ್ತಾರೆ. ಆದ್ರೆ ಇಲ್ಲಿ ಕಾಯಿಸ್ತಾರೆ ಅಂದ್ರೆ ನಾನು ಇಲ್ಲ ಅನ್ನುದಿಲ್ಲ" ಎಂದಳು. ಅದು ನಿಜವೇ, ನನ್ನ ಕಣ್ಣಿನ ಪೊರೆ ತೆಗೆಸಲು ಹನ್ನೊಂದು ತಿಂಗಳು ಕಾದಿದ್ದೇನೆ.

ಮನೆಗೆ ಬಂದು ನಿನಗೆ ಬರೆಯೋಣವೆಂದು ಫಾರ್ವರ್ಡನ್ನು ಇನ್ನೊಮ್ಮೆ ಓದಿದೆ. ಅದರ ಕೊನೆಯಲ್ಲಿ, 'ಸಹಿಗೆ ಪೆನ್ನೂ ಅವರೇ ತಂದಿದ್ದರು ಎಂದು ಹೆಂಡತಿ ಅತ್ತರು' ಎಂಬ ಸಾಲಿದೆ. ಕೃಷ್ಣಿ, ಆ ಮಾತು ನನ್ನದು. ನಮ್ಮವರು ತೀರಿಕೊಂಡ ವಾರದಲ್ಲಿ ಬೃಂದಾ ಸಮಾಧಾನ ಹೇಳಲು ಫೋನ್ ಮಾಡಿದ್ದಳು, ಆಗ ಅವಳಿಗೆ ಹೇಳಿದ್ದೆ. ಆ ಅರವತ್ತು ದಾಟಿದ ಕನ್ನಡಿಗರು ಶಿವಪ್ರಕಾಶ. ಆ ಅಳುವ ಹೆಂಡತಿ ನಾನು.

ನಡೆದದ್ದನ್ನು ನಿನಗೂ ಪೂರ್ತಿ ಹೇಳಿರಲಿಲ್ಲ. ಪಾರ್ಶ್ವವಾಯು ಹೊಡೆದ ಮೇಲೆ ಅವರ ಬಾಯಿಂದ ಇಂಗ್ಲಿಷ್ ಹೋಗಿಬಿಟ್ಟಿತು. ಇಪ್ಪತ್ತೆರಡು ವರ್ಷ ಬ್ಯಾಂಕಿನಲ್ಲಿ ಇಂಗ್ಲಿಷರಿಗೇ ಇಂಗ್ಲಿಷ್ ತಿದ್ದುತ್ತಿದ್ದವರು, ನೀರು ಬೇಕಾದರೂ ಕನ್ನಡದಲ್ಲೇ ಕೇಳುತ್ತಿದ್ದರು. ಒಂದು ಮಧ್ಯಾಹ್ನ ಒಬ್ಬಳು ಎಳೆಯ ಡಾಕ್ಟರಮ್ಮ ಬಂದು ಕುರ್ಚಿ ಎಳೆದುಕೊಂಡು ಕೂತಳು. ದುಭಾಷಿಯನ್ನು ಕರೆಸಲೇ ಎಂದು ಕೇಳಿದಳು. ಮೂವತ್ತೆಂಟು ವರ್ಷದ ಹೆಂಡತಿ ನಾನಿರುವಾಗ ದುಭಾಷಿ ಯಾಕೆ ಎಂದು ಗತ್ತಿನಿಂದ ಹೇಳಿದೆ. ಹೃದಯ ನಿಂತರೆ ಏನು ಮಾಡಬೇಕೆಂದು ಅವರನ್ನೇ ಕೇಳಿ ಎಂದಳು. ಕೇಳಿದೆ, ಉತ್ತರ ತಿಳಿಸಿದೆ. ಪೆನ್ನು ಅವಳ ಜೇಬಿನಲ್ಲಿತ್ತು, ಹೊರಗೆ ತೆಗೆಯಲೇ ಇಲ್ಲ. ಯಾರೂ ಯಾವುದಕ್ಕೂ ಸಹಿ ಹಾಕಲಿಲ್ಲ.

ಹದಿನಾಲ್ಕನೇ ದಿನ ಹೃದಯ ನಿಂತಿತು. ಓಡಿಬಂದು ಎದೆ ಒತ್ತಿದರು. ಮೂರು ಪಕ್ಕೆಲುಬು ಮುರಿಯಿತು. ಆಮೇಲೆ ಒಂಬತ್ತು ದಿನ ಯಂತ್ರದ ಉಸಿರು. ಹಾಗಾಗಿ ಚಿಕಿತ್ಸೆ ಕೊಡದೆ ಕಳಿಸಿದರೆಂಬುದು ಶುದ್ಧ ಸುಳ್ಳು. ಎಲ್ಲವನ್ನೂ ಮಾಡಿದರು. ಬೃಂದಾಳ ಹತ್ತಿರ ಹಾಗೆ ಯಾಕೆ ಹೇಳಿದೆನೋ ಗೊತ್ತಿಲ್ಲ ಕಣೇ. ಆ ಹೊತ್ತಿಗೆ ಬೇರೆ ಯಾರ ಮೇಲಾದರೂ ತಪ್ಪು ಹಾಕಬೇಕಿತ್ತು. ಅವಳು ಸಮಿತಿ ಸೇರಿಸಿದಳೋ, ಇನ್ಯಾರು ಸೇರಿಸಿದರೋ, ಈಗ ಅದು ನಿನ್ನ ಮನೆ ಬಾಗಿಲಿಗೆ ಬಂದಿದೆ.

ಇಪ್ಪತ್ತಾರಕ್ಕೆ ಹೋಗಿ. ಆ ಮಾತಿನಿಂದ ಒಳ್ಳೆಯದೇ ಆಗುತ್ತದೆಂದು ಹೇಳುವಷ್ಟು ನನಗೆ ತಿಳಿಯದು, ಆದರೂ ಹೋಗಿ. ವೇಣುಗೋಪಾಲರಿಗೆ ನನ್ನ ನಮಸ್ಕಾರ. ಚಾಮುಂಡಿ ತಾಯಿ ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ.

ನಿನ್ನ,
ಅಂಬುಜಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಡಾಕ್ಟರಮ್ಮನ ಪ್ರಶ್ನೆಗೆ ಇವರು ನನ್ನ ಕೈ ಹಿಡಿದುಕೊಂಡು, "ಸಾಕು ಅಂಬು. ಇನ್ನೇನೂ ಮಾಡಿಸ್ಬೇಡ, ಬಿಟ್ಬಿಡು" ಅಂದರು. ನಾನು ಅವಳಿಗೆ ಇಂಗ್ಲಿಷಿನಲ್ಲಿ, "ಏನೇನು ಸಾಧ್ಯವೋ ಎಲ್ಲ ಮಾಡಬೇಕಂತೆ" ಅಂದೆ. ಅವಳು ತಲೆಯಾಡಿಸಿ ಬರೆದುಕೊಂಡಳು. ಇವರು ನನ್ನ ಕೈ ಬಿಟ್ಟರು. ಅವರಿಗೆ ಹೋಗಿದ್ದದ್ದು ಇಂಗ್ಲಿಷ್ ಮಾತಾಡುವುದು ಮಾತ್ರವೋ, ಅರ್ಥವಾಗುವುದೂ ಹೋಗಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಸ್ಮೃತಿಗೂ ಇದನ್ನು ಹೇಳಿಲ್ಲ. ಇಪ್ಪತ್ತಾರಕ್ಕೆ ಡಾಕ್ಟರು ಕೇಳಿದಾಗ ವೇಣುಗೋಪಾಲರೇ ಉತ್ತರ ಹೇಳಲಿ, ನೀನು ಬಾಯಿ ತೆಗೆಯಬೇಡ.